ತೋಳಕ್ಕೆ ಬಾಳವ್ವ ಇಟ್ಟ ಹೆಸರು

ಕಳೆದ ತಿಂಗಳು ಹುಕ್ಕೇರಿಗೆ ಹೋಗುವ ಬಸ್ಸು ಕಾಯುತ್ತ ಗೋಕಾಕದ ನಿಲ್ದಾಣದಲ್ಲಿ ನಿಂತಿದ್ದೆ. ಎದುರಿನ ಕಟ್ಟೆಯ ಮೇಲೆ ಮೂಡಲಗಿ ಕಡೆಯ ಏಳೆಂಟು ಕಬಡ್ಡಿ ಆಟಗಾರರು ಚುರಮರಿ ತಿನ್ನುತ್ತ ಕೂತಿದ್ದರು. ಎಲ್ಲರಿಗೂ ಒಂದೇ ಬಗೆಯ ಕಪ್ಪು ಟಿ-ಶರ್ಟು. ಬೆನ್ನಿನ ಮೇಲೆ ಹಲ್ಲು ಕಿಸಿದ ತೋಳದ ಮುಖ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕೆಣ್ವ’. ಶಬ್ದದ ಮುಂದೆ ಸ್ವಲ್ಪ ಮೇಲಕ್ಕೆ ಒಂದು ಸಣ್ಣ ನಕ್ಷತ್ರ.

ಸುಮ್ಮನಿರಬೇಕಿತ್ತು. ಹೋಗಿ ಕೇಳಿದೆ.

“ನಮ್ಮ ಟೀಮಿನ ಹೆಸರ್ರಿ ಸರ. ತ್ವಾಳ ಅಂದಂಗ. ಭಾಳ ಹಳೇ ಶಬ್ದರಿ, ಕನ್ನಡ ಹುಟ್ಟೂಕಿಂತ ಮದಲಿಂದು” ಎಂದ ಒಬ್ಬ.

“ಯಾರ ಹೇಳಿದ್ರು?”

“ಫೋನಿನ್ಯಾಗ ಐತ್ರಿ. ನಮ್ಮ ಕಲ್ಲೋಳಿ ಕಡೆ ಕುರಿ ಕಾಯೂ ಮುದುಕಿ ಹೇಳಿದ್ಲಂತ. ಯಾರೋ ಪ್ರೊಫೆಸರ್ ಹುಡಕ್ಯಾರ.”

“ಮತ್ತ ಈ ಚಿಕ್ಕಿ?”

“ಅದೂ ಅಲ್ಲೇ ಇತ್ರಿ. ಛಂದ ಕಾಣತಿತ್ತು, ಹಾಕಸೇವಿ.”

ಆ ಚಿಕ್ಕಿ, ಆ ನಕ್ಷತ್ರ, ಚಂದಕ್ಕೆ ಹಾಕಿದ್ದಲ್ಲ. ಭಾಷಾಶಾಸ್ತ್ರದಲ್ಲಿ ಅದಕ್ಕೆ ಅರ್ಥ ಇದೆ. ಈ ರೂಪ ಯಾವ ಶಾಸನದಲ್ಲೂ ಸಿಕ್ಕಿಲ್ಲ, ಯಾರ ಬಾಯಿಂದಲೂ ಕೇಳಿಲ್ಲ. ಇವತ್ತಿನ ಭಾಷೆಗಳನ್ನು ಹೋಲಿಸಿ, ಇವುಗಳ ತಾಯಿ ಭಾಷೆಯಲ್ಲಿ ಹೀಗೆ ಇದ್ದಿರಬೇಕು ಎಂದು ನಾವು ಕೂತಲ್ಲೇ ಕಟ್ಟಿದ್ದೇವೆ ಎಂದು ಅರ್ಥ. ಆಟಗಾರರಿಗೆ ಅದನ್ನು ಹೇಳಲಿಲ್ಲ. ಶಬ್ದ ಹುಡುಕಿದ್ದು ಪ್ರೊಫೆಸರಲ್ಲ, ನಾನು ಎಂದೂ ಹೇಳಲಿಲ್ಲ. ನಾನೀಗ ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಪ್ರಬಂಧ ಮುಗಿಸಲಿಲ್ಲ, ಹೆಸರಿನ ಮುಂದೆ ಡಾಕ್ಟರ್ ಇಲ್ಲ. ಆ ಶಬ್ದ ಸಿಕ್ಕ ವರ್ಷದ ಬಗ್ಗೆ ಇಲ್ಲಿ ಬರೆಯುತ್ತಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕಟ್ಟಿಕೊಂಡದ್ದು ಎಂಬುದು ನನಗೆ ಖಚಿತವಿಲ್ಲ. ಓದುವವರು ಇದನ್ನು ಮೊದಲೇ ತಿಳಿದಿರಲಿ.

ಆಗ ನನಗೆ ಇಪ್ಪತ್ತಾರು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ನನಗೆ ಆಸಕ್ತಿ ಇದ್ದದ್ದು ಎರಡು ಅರ್ಥ ಕೊಡುವ ವಾಕ್ಯಗಳಲ್ಲಿ. ‘ಮುದುಕ ಕುರುಬನ ಕಂಬಳಿ ಕದ್ದ’ ಎಂದರೆ ಕದ್ದವನು ಮುದುಕನೋ, ಕಳಕೊಂಡ ಕುರುಬ ಮುದುಕನೋ? ಇಂಥದ್ದನ್ನು ಕೇಳಿದವನು ಎರಡೂ ಅರ್ಥಗಳನ್ನು ಹೊತ್ತುಕೊಂಡು ಮುಂದೆ ಹೋಗುತ್ತಾನೆಯೇ, ಅಥವಾ ಕೇಳಿದ ಕೂಡಲೇ ಒಂದನ್ನು ಒಗೆದುಬಿಡುತ್ತಾನೆಯೇ? ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ನನ್ನ ಗೈಡ್ ಇದನ್ನು ಕೇಳಿ ಕನ್ನಡಕ ಒರೆಸಿಕೊಂಡರು. “ಅದಕ್ಕ ಸ್ಕಾಲರ್‌ಶಿಪ್ ಇಲ್ಲಪಾ. ತ್ವಾಳಕ್ಕ ಐತಿ.”

ಅವರು ದಕ್ಷಿಣದ ಭಾಷೆಗಳ ತಾಯಿ ಭಾಷೆಗೆ ಶಬ್ದಗಳ ಪಟ್ಟಿ ಮಾಡುತ್ತಿದ್ದರು. ತೋಳಕ್ಕೆ ಪುಸ್ತಕಗಳು ಕೊಡುವ ಮೂಲರೂಪ ಅವರಿಗೆ ಸಮಾಧಾನ ತಂದಿರಲಿಲ್ಲ. ಅದಕ್ಕಿಂತ ಹಳೆಯದು ಒಂದಿದ್ದಿರಬೇಕು, ಕುರಿ ಕಾಯುವವರ ಬಾಯಲ್ಲಿ ಉಳಿದಿರಬೇಕು ಎಂಬುದು ಅವರ ಹಟ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲದ ಕೆಲಸಕ್ಕೆ ನಾನು ಒಪ್ಪಿದೆ. ಮುಂದೆ ಆದದ್ದಕ್ಕೆಲ್ಲ ಇದೇ ಮೊದಲ ಕಾರಣವಿರಬಹುದು.

ಕಲ್ಲೋಳಿಯಲ್ಲಿ ನನ್ನ ಸೋದರಮಾವನ ಹೊಲ ಇದೆ. ಕಬ್ಬು ಕಡಿದ ಮೇಲೆ ಪ್ರತಿ ವರ್ಷ ಒಂದು ಕುರಿ ಹಿಂಡು ಅಲ್ಲಿ ಬಂದು ತಂಗುತ್ತದೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ದೀಪಾವಳಿ ಮುಗಿಯುತ್ತಲೇ ಕಲ್ಲೋಳಿಯ ಹೊರಗಿನ ಹಟ್ಟಿಯಿಂದ ಹೊರಡುವ ಹಿಂಡು ಮೂಡಲಗಿ, ಗೋಕಾಕ ಗುಡ್ಡ, ಹುಕ್ಕೇರಿ ಕಡೆಯ ಬಯಲು ಎಲ್ಲ ಸುತ್ತಿ ಜೂನಿನಲ್ಲಿ ಮಿರಗದ ಮಳೆಗೆ ತಿರುಗಿ ಬರುತ್ತದೆ. ಮಾವ ಹಿಂಡಿನ ಯಜಮಾನ ಸಿದ್ದಪ್ಪನನ್ನು ಮನೆಗೆ ಕರೆಸಿ, ಕಟ್ಟೆಯ ಕೆಳಗೆ ನಿಲ್ಲಿಸಿ ಹೇಳಿದ: “ನಮ್ಮ ಅಳಿಯ ನಿಮ್ಮ ಜೋಡಿ ಅಡ್ಯಾಡತಾನ. ಅದೇನೋ ಶಬ್ದ ಬರಕೋತಾನಂತ. ಮುಂದಿನ ವರ್ಷ ಹೊಲಾ ಬೇಕಂದ್ರ ಕರಕೊಂಡ ಹೋಗ್ರಿ.”

ಸಿದ್ದಪ್ಪನಿಗೆ ನಲವತ್ತರ ಹತ್ತಿರ. ಅವನು ತಲೆ ತಗ್ಗಿಸಿದ. ನನ್ನ ಬೂಟು ನೋಡಿದ.

“ಎಷ್ಟ ದಿನಾ ತಾಳತಾವು?”

“ಹೊಸಾವು ಅದಾವು. ಮಿರಗದ ತನಕ ತಾಳತಾವು.”

“ಬೂಟಿಂದಲ್ಲರಿ ಸಾಹೇಬ್ರ, ನಿಮ್ಮದ ಕೇಳಿದ್ನಿ.”

ಹೀಗೆ ಜುಲುಮೆಯಿಂದ ನಾನು ಆ ಹಿಂಡಿಗೆ ಸೇರಿದೆ. ಅವರು ನನ್ನನ್ನು ದ್ವೇಷಿಸಿದ್ದರಲ್ಲಿ ತಪ್ಪಿಲ್ಲ. ಮೊದಲ ಎರಡು ವಾರ ನಾನು ಕೇಳಿದ್ದಕ್ಕೆಲ್ಲ ಸಿದ್ದಪ್ಪ ತಡವರಿಸದೆ ಉತ್ತರ ಕೊಟ್ಟ. ಹಲ್ಲು ಬಿದ್ದ ಕುರಿಗೆ ಇದು, ಮೊದಲ ಸಲ ಕತ್ತರಿಸಿದ ಉಣ್ಣೆಗೆ ಇದು, ಗಂಟು ಬಿದ್ದ ಉಣ್ಣೆಗೆ ಇದು. ನಾನು ಶ್ರದ್ಧೆಯಿಂದ ಬರೆದುಕೊಂಡೆ. ಒಂದು ದಿನ ಅದನ್ನು ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದಾಗ ಸಿದ್ದಪ್ಪನ ಚಿಕ್ಕವ್ವ ಲಕ್ಕವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನೆಲಕ್ಕೆ ಬಿದ್ದು ನಕ್ಕಳು. “ಯವ್ವಾ, ನನ್ನ ಗಂಡ ಕುಡದಾಗ ಸೈತ ಇಷ್ಟ ಹೊಲಸ ಬೈದಿಲ್ಲ. ಇಂವ ಪುಸ್ತಕದಾಗ ಬರಕೊಂಡಾನಲ್ಲೇ!” ಎರಡು ವಾರದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಅವು ಉರಿಯುವುದನ್ನು ಸಿದ್ದಪ್ಪ ಬಹಳ ಸಮಾಧಾನದಿಂದ ನೋಡುತ್ತಿದ್ದ.

ನಗದಿದ್ದವಳು ಅವನ ತಾಯಿ ಬಾಳವ್ವ ಒಬ್ಬಳೇ. ಅರವತ್ತು ದಾಟಿತ್ತು. ಗಂಡ ಸತ್ತು ಬಹಳ ವರ್ಷವಾಗಿತ್ತು. ಆಕೆ ಹಿಂಡಿನ ಮುಂದೆ, ಸಾಮಾನು ಹೊತ್ತ ಕುದುರೆಯ ಹಗ್ಗ ಹಿಡಿದು ನಡೆಯುತ್ತಿದ್ದಳು. ತಂಗುವ ಜಾಗದಲ್ಲಿ ಮೊದಲು ಕೂರುವವಳು ಆಕೆ, ಮೊದಲ ಒಲೆ ಹೂಡುವವಳು ಆಕೆ. ಲಕ್ಕವ್ವ ಬಾಳವ್ವನ ನೆಗೆಣ್ಣಿ. ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು. ಆ ಮೊದಲ ಒಲೆಯನ್ನು ಲಕ್ಕವ್ವ ಹೇಗೆ ನೋಡುತ್ತಿದ್ದಳೆಂದು ಎರಡೇ ದಿನದಲ್ಲಿ ನನಗೆ ತಿಳಿದಿತ್ತು. ಬಾಳವ್ವನಿಗೆ ಇಂಥ ಸ್ಥಾನ ಏಕೆ ಎಂದು ಕೇಳಬೇಕಿತ್ತು. ನಾನು ಕುರಿಯ ಕಿವಿಗಳಿಗೆ ಏನೆನ್ನುತ್ತಾರೆ ಎಂದು ಕೇಳುತ್ತಿದ್ದೆ. ಆಕೆಯನ್ನು ಕೇಳಿದರೆ ಒಂದೇ ಉತ್ತರ: “ಕಿವಿ ಅಂತಾರ. ನಿಮ್ಮಲ್ಲಿ ಏನಂತಾರ?”

ಚಳಿಗಾಲ ಮೂಡಲಗಿಯ ಸುತ್ತ ಕಳೆಯಿತು. ಕಬ್ಬು ಕಡಿಯುವ ಕಾಲ. ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಎರಡೆರಡು ಟ್ರಾಲಿ ಎಳೆಯುತ್ತ ಹೋಗುತ್ತಿದ್ದವು. ಕಡಿದ ಹೊಲದಲ್ಲಿ ಕಬ್ಬಿನ ಒಣಗಿದ ಎಲೆಗಳ ರವದಿ ಮೊಣಕಾಲಿನವರೆಗೆ ಬಿದ್ದಿರುತ್ತಿತ್ತು, ಪಕ್ಕದಲ್ಲಿ ಕಡಿಯದ ಕಬ್ಬು ಗೋಡೆಯಂತೆ ನಿಂತಿರುತ್ತಿತ್ತು. ಮುಂಜಾನೆ ಮಂಜು ಇಳಿದಾಗ ಕುರಿಗಳ ಬೆನ್ನಿನಿಂದ ಹಬೆ ಏಳುತ್ತಿತ್ತು. ನಾನು ನೀರು ಹೊತ್ತೆ, ಮರಿ ಹೊತ್ತೆ, ಕಾಲು ಉಳುಕಿಸಿಕೊಂಡೆ. ಯಾರೂ ನನ್ನನ್ನು ಹೊಗಳಲಿಲ್ಲ. ಬೂಟು ಜನವರಿಯಲ್ಲೇ ಬಾಯಿ ಬಿಟ್ಟವು.

ಅಂಥ ಒಂದು ಮುಂಜಾನೆ ಕಬ್ಬಿನ ಅಂಚಿನಲ್ಲಿ ನಾಯಿಗಳು ಒಮ್ಮೆಲೇ ಕೂಗಿದವು. ಸಿದ್ದಪ್ಪ ಬಡಿಗೆ ಎತ್ತಿಕೊಂಡು ಓಡುತ್ತ ಒದರಿದ: “ಕೆಣವಾ! ಕೆಣವ ಬಂತು! ಕಬ್ಬಿನ ಸಂದ್ಯಾಗ ಐತಿ!” ಹೆಂಗಸರೂ ಅದೇ ಶಬ್ದ ಕೂಗುತ್ತ ಓಡಿದರು. ರವದಿಯ ಬಣ್ಣದ ಒಂದು ಬೆನ್ನು ಕಬ್ಬಿನೊಳಗೆ ಜಾರಿದ್ದನ್ನು ನಾನು ಕಂಡೆ. ಕಂಡೆ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಒಂದು ಮರಿ ಹೋಗಿತ್ತು. ಎಲ್ಲರೂ ತಿರುಗಿ ಬಂದ ಮೇಲೆ ನಾನು ಕೇಳಿದೆ, “ಏನಂತ ಕೂಗಿದ್ರಿ?”

ಯಾರೂ ಮಾತಾಡಲಿಲ್ಲ. ಲಕ್ಕವ್ವ ಕೂಡ ನಗಲಿಲ್ಲ. ಇಷ್ಟು ದಿನ ಸುಳ್ಳು ಹೇಳಿದವರು, ಬೈದವರು, ಹಾಸ್ಯ ಮಾಡಿದವರು ಮೊದಲ ಬಾರಿಗೆ ಸುಮ್ಮನಾಗಿದ್ದರು. ಇದು ನಿಜವಾದ ಶಬ್ದ ಎಂದು ನನಗೆ ಅನ್ನಿಸಿದ್ದು ಅದಕ್ಕೇ. ವಹಿಯಲ್ಲಿ ಬರೆದೆ: ಕೆಣವ, ತೋಳ, ಮೂಡಲಗಿ ಹತ್ತಿರ.

ಇಲ್ಲಿಂದ ಮುಂದೆ ನನ್ನ ನೆನಪು ಕೈಕೊಡುತ್ತದೆ. ನನಗೆ ಒಂದು ದೃಶ್ಯ ಸ್ಪಷ್ಟವಾಗಿ ಕಾಣುತ್ತದೆ. ಬಾಳವ್ವ ಬದುವಿನ ಮೇಲೆ ಕೂತು ಉಣ್ಣೆ ನೂಲುತ್ತಿದ್ದಾಳೆ. ನಾನು ಪಕ್ಕದಲ್ಲಿ ಕೂತಿದ್ದೇನೆ. ಆಕೆ ನನ್ನ ಕಡೆ ನೋಡದೆ ಹೇಳುತ್ತಾಳೆ: “ಕೆಣವ ಅಂದ್ರ ಅದ. ಬರಕೋ.” ಆಕೆಯ ಕಂಬಳಿಯ ಮೇಲೆ ಮಳೆಯ ಹನಿಗಳಿವೆ. ಹಿಂದೆ ಹೊಳೆಯ ಸಪ್ಪಳ ಕೇಳುತ್ತಿದೆ. ಆದರೆ ವಹಿಯಲ್ಲಿ ಶಬ್ದ ಬರೆದದ್ದು ಚಳಿಗಾಲದ ನಡುವೆ. ಆಗ ಮಳೆ ಇರಲಿಲ್ಲ. ಘಟಪ್ರಭೆಯ ದಂಡೆಗೆ ನಾವು ಹೋದದ್ದು ಶಿವರಾತ್ರಿ ಮುಗಿದ ಮೇಲೆ. ಮಳೆ, ಹೊಳೆ, ಬಾಳವ್ವ, ಆ ಶಬ್ದ, ಈ ನಾಲ್ಕೂ ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಇದ್ದಿರಲು ಸಾಧ್ಯವಿಲ್ಲ. ಹಾಗಿದ್ದರೂ ಆಕೆಯ ದನಿ ಮಾತ್ರ ಈಗಲೂ ಕಿವಿಯಲ್ಲಿದೆ.

ಮಿರಗ ಬಂತು, ಹಿಂಡು ಕಲ್ಲೋಳಿಗೆ ತಿರುಗಿತು, ನಾನು ಧಾರವಾಡದ ಹಾಸ್ಟೆಲ್ಲಿಗೆ ಹೋಗಿ ಕೂತೆ. ವಹಿಯನ್ನು ಶುದ್ಧಪ್ರತಿ ಮಾಡುವಾಗ ನಾಲ್ಕು ಅಂಕಣ ಹಾಕಬೇಕಿತ್ತು: ಶಬ್ದ, ಅರ್ಥ, ಊರು, ಹೇಳಿದವರು. ಕೆಣವದ ಮುಂದೆ ನಾಲ್ಕನೆಯದು ಖಾಲಿ ಇತ್ತು. ಗೈಡ್ ಅದರ ಮೇಲೆ ಬೆರಳಿಟ್ಟರು. “ಹೇಳಿದವರ ಹೆಸರಿಲ್ಲದ ಶಬ್ದ ತಬ್ಬಲಿ ಇದ್ದಂಗ. ಯಾರೂ ಒಳಗ ಕರಕೊಳ್ಳೂದಿಲ್ಲ. ತುಂಬಸು.” ನಾನು ‘ಬಾಳವ್ವ’ ಎಂದು ತುಂಬಿಸಿದೆ. ನೆನಪಿತ್ತೆಂದು ಬರೆದೆನೋ, ಬರೆದ ಮೇಲೆ ಆ ಬದುವಿನ ದೃಶ್ಯ ಹುಟ್ಟಿಕೊಂಡಿತೋ? ಈ ಪ್ರಶ್ನೆಯನ್ನು ಆ ದಿನ ಕೇಳಿಕೊಳ್ಳಲಿಲ್ಲ. ಹಸಿವಾಗಿತ್ತು, ಮೆಸ್ಸಿನ ಹೊತ್ತು ಮೀರುತ್ತಿತ್ತು.

ಗೈಡ್ ಆ ಶಬ್ದದ ನಡುವಿನ ಸ್ವರ ಉದುರಿಸಿದರು, ದೂರದ ಎರಡು ಭಾಷೆಗಳ ಯಾವುದೋ ರೂಪಗಳ ಪಕ್ಕ ಇಟ್ಟರು, ಮುಂದೆ ಚಿಕ್ಕಿ ಹಾಕಿದರು. ಕೆಣವ ಹೋಗಿ ಕೆಣ್ವ ಆಯಿತು. ಒಂದು ಸಭೆಯಲ್ಲಿ ಅದನ್ನು ಓದಿದರು. ಪತ್ರಿಕೆಯೊಂದು ಬಾಳವ್ವನ ಫೋಟೋ ಸಮೇತ ಸುದ್ದಿ ಮಾಡಿತು: ಸಾವಿರಾರು ವರ್ಷದ ಶಬ್ದ ಕಲ್ಲೋಳಿಯ ಅಜ್ಜಿಯ ನಾಲಗೆಯಲ್ಲಿ ಜೀವಂತ. ಫೋಟೋ ತೆಗೆದವನು ನಾನು. ತೆಗೆಯುವಾಗ ಆಕೆಯನ್ನು ಕೇಳಿರಲಿಲ್ಲ.

ನಾಗರ ಪಂಚಮಿಗೆ ನಾನು ಹುಕ್ಕೇರಿಯ ಮನೆಗೆ ಬಂದಿದ್ದೆ. ಸಂತೆಯ ದಿನ ಸಿದ್ದಪ್ಪ ಬಂದು ಬಾಗಿಲಲ್ಲಿ ನಿಂತ. ನನ್ನ ಅವ್ವ ಒಳಗೆ ಕರೆದಳು, ಚಹಾ ತಂದಳು. ಅವನು ಒಳಗೆ ಬರಲಿಲ್ಲ, ಚಹಾ ಮುಟ್ಟಲಿಲ್ಲ. ಕಂಬಳಿಯ ಮಡಿಕೆಯಿಂದ ಪತ್ರಿಕೆಯ ತುಂಡು ತೆಗೆದ.

“ಇದನ್ನ ನಿಮಗ ಯಾರ ಹೇಳಿದ್ರು?”

“ನಿಮ್ಮವ್ವ.”

“ಅವ್ವ ಇಲ್ಲ ಅಂತಾಳ.”

“ಅಕಿ ಮರತಿರಬೇಕು ಸಿದ್ದಪ್ಪಣ್ಣಾ.”

“ನಮ್ಮವ್ವಗ ಏಳ ವರ್ಷದ ಹಿಂದ ಸತ್ತ ಕುರಿ ಬಣ್ಣ ನೆನಪೈತಿ. ನೀವು ಹೋದ ವಾರ ಏನ್ ಉಂಡ್ರಿ ಹೇಳ್ರಿ ನೋಡೂನು.” ಅವನು ಪತ್ರಿಕೆಯನ್ನು ನನ್ನ ಕೈಗೆ ತುರುಕಿದ. “ಸಾವಿರ ವರ್ಷದ್ದಂತ! ಹೋದ ದೀಪಾವಳಿಗೆ ಹುಟ್ಟಿದ್ದರಿ ಅದು. ಮಿರಗಕ್ಕ ಸತ್ತೈತಿ. ನೀವು ಹೆಣಾ ಎತ್ತಿ ಮೆರವಣಿಗಿ ಮಾಡಾಕತ್ತೀರಿ.”

ಆಗ ಅವನು ಹೇಳಿದ್ದು ಇಷ್ಟು. ಹಿಂಡು ಹೊರಗಿರುವಾಗ ಅವರು ತೋಳದ ಹೆಸರು ಹೇಳುವುದಿಲ್ಲ, ಹೇಳಿದರೆ ಕರೆದಂತಾಗುತ್ತದೆ. ಹೊರಡುವ ದಿನ ಹಿಂಡಿನ ಒಬ್ಬ ಹೆಂಗಸು ಅದಕ್ಕೊಂದು ಹೊಸ ಹೆಸರು ಇಡುತ್ತಾಳೆ. ಆ ಹೆಸರಿಗೆ ಅರ್ಥ ಇರಬಾರದು, ಅರ್ಥ ಇದ್ದರೆ ತೋಳ ಊಹಿಸುತ್ತದೆ. ಮಿರಗದ ತನಕ ಎಲ್ಲರೂ ಅದನ್ನೇ ಬಳಸುತ್ತಾರೆ. ಅಷ್ಟರಲ್ಲಿ ತೋಳಕ್ಕೆ ಅದು ತನ್ನ ಹೆಸರೆಂದು ತಿಳಿದಿರುತ್ತದೆ. ಆದ್ದರಿಂದ ಮಿರಗಕ್ಕೆ ಆ ಹೆಸರು ಬಿಟ್ಟುಬಿಡುತ್ತಾರೆ, ಮತ್ತೆ ಯಾರೂ ಆಡುವುದಿಲ್ಲ. ಮುಂದಿನ ದೀಪಾವಳಿಗೆ ಬೇರೊಂದು. ಇಪ್ಪತ್ತೆರಡು ವರ್ಷದಿಂದ ಹೆಸರಿಡುತ್ತಿದ್ದವಳು ಬಾಳವ್ವ.

ನಾನು ನಕ್ಕುಬಿಟ್ಟೆ. ಗೈಡಿನ ಮುಖ ನೆನಪಾಗಿ ನಗೆ ಬಂತು, ತಡೆಯಲಾಗಲಿಲ್ಲ. ಹೆದರಿಕೆ ಹುಟ್ಟಿಸುವ ಪ್ರಾಣಿಗಳ ಹೆಸರನ್ನು ಜನ ಬದಲಿಸುತ್ತಾರೆ, ಮೂಲರೂಪ ಹುಡುಕುವವರಿಗೆ ಇದು ದೊಡ್ಡ ತೊಡಕು ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದೇ ಸಂಗತಿ ಏಳು ತಿಂಗಳು ಎದುರಿಗೆ ನಡೆದಾಡಿದಾಗ ಗುರುತಿಸಲಿಲ್ಲ.

“ನಗ್ರಿ, ನಗ್ರಿ. ನಿಮಗ ಒಂದ ಶಬ್ದ ಹೋದೀತು. ನಮ್ಮವ್ವಗ ಹಾದಿ ಹೋಗತೈತಿ” ಎಂದ ಸಿದ್ದಪ್ಪ.

ಇಟ್ಟ ಹೆಸರು ಹೊರಗಿನವರ ಬಾಯಿಗೆ ಹೋದರೆ ಅದು ಸಾಯುವುದಿಲ್ಲ. ಹಾಗೆ ಹೊರಗೆ ಬಿಟ್ಟುಕೊಟ್ಟವಳು ಮತ್ತೆ ಹೆಸರಿಡುವಂತಿಲ್ಲ. ಹೊರಗಿನವನು ತಾನೇ ಕದ್ದು ಕೇಳಿದ್ದರೆ ದಂಡ ಅವನನ್ನು ಕರೆತಂದ ಸಿದ್ದಪ್ಪನಿಗೆ. ಬಾಳವ್ವನೇ ಹೇಳಿದ್ದರೆ ತಪ್ಪು ಆಕೆಯದು. ಹೆಸರಿಡುವ ಹಕ್ಕು ಹೋದರೆ ಆ ವಯಸ್ಸಿನವಳನ್ನು ಏಳು ತಿಂಗಳು ಯಾರೂ ನಡೆಸಿಕೊಂಡು ಹೋಗುವುದಿಲ್ಲ. ಹಟ್ಟಿಯಲ್ಲಿ ಬಿಟ್ಟು ಹೋಗುತ್ತಾರೆ. ಲಕ್ಕವ್ವ ಪತ್ರಿಕೆಯನ್ನು ಹಿರಿಯರಿಗೆ ಆಗಲೇ ಓದಿಸಿದ್ದಳು.

“ದೀಪಾವಳಿ ಆದ ಮರುದಿನ ಹಿರೇರು ಕೂಡತಾರ. ಬಂದು ಒಂದ ಮಾತ ಹೇಳ್ರಿ: ಅಕಿ ಹೇಳಿಲ್ಲ, ನಾ ಕದ್ದ ಕೇಳೇನಿ. ದಂಡಾ ನಾ ಕಟ್ಟತೇನಿ. ಅಕಿ ನಡೀಬೇಕರಿ. ನಡಿಯೂದ ಬಿಟ್ರ ಅಕಿಗೆ ಏನೂ ಬರೂದಿಲ್ಲ.”

ಬರುತ್ತೇನೆಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಧಾರವಾಡಕ್ಕೆ ಹೋಗಿ ಗೈಡಿಗೆ ಎಲ್ಲ ಹೇಳಿದೆ, ಆ ಶಬ್ದ ಹಿಂದಕ್ಕೆ ತೆಗೆದುಕೊಳ್ಳೋಣ ಎಂದೆ. ಅವರು ಗಾಬರಿಯಾಗಲಿಲ್ಲ. “ಮುದುಕಿ ತಾನ ಹುಟ್ಟಿಸೇನಿ ಅಂತ ತಿಳಕೊಂಡಿರಬಹುದು. ಸಣ್ಣಾಕಿದ್ದಾಗ ಯಾರದೋ ಬಾಯಾಗ ಕೇಳಿದ ಹಳೇ ಶಬ್ದ ತಿರುಗಿ ಬಾಯಿಗೆ ಬಂದಿರಬಹುದು. ಹಂಗಾಗಿಲ್ಲ ಅಂತ ನೀ ಹೆಂಗ ಸಿದ್ಧ ಮಾಡತಿ?”

ಸಿದ್ಧ ಮಾಡಿ ತೋರಿಸಲಾರೆ. ಇಂದಿಗೂ ಮಾಡಲಾರೆ. ಅರ್ಥವಿಲ್ಲದ ಶಬ್ದ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಎಂದು ಯಾರಿಗೆ ಗೊತ್ತು?

“ಮತ್ತ ಒಂದ ಮಾತು” ಎಂದರು. “ಈ ಒಂದು ಹೆಸರು ನೀ ತಪ್ಪ ಬರದಿ ಅಂದ್ರ ನಿನ್ನ ಇಡೀ ವಹಿ ತಪ್ಪು. ಆಮ್ಯಾಲೆ ನನ್ನ ಕಡೆ ಡಿಗ್ರಿ ಮಾತ ಆಡಬ್ಯಾಡ.”

ಆದರೂ ನಾನು ಹೋದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನದು ಕೇಳಿದರೆ ತಿಳಿಯುತ್ತದೆ. ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಉರು ಹೊಡೆಯುತ್ತ ಹೋದೆ. ಅದರಲ್ಲಿ ಎರಡು ಅರ್ಥ ಬರದಂತೆ ಅದನ್ನು ತಿದ್ದಿದ್ದೆ.

ಕಲ್ಲೋಳಿಯ ಹೊರಗೆ ಬೇವಿನ ಮರದ ಕೆಳಗೆ ಐದು ಮಂದಿ ಹಿರಿಯರು ಕೂತಿದ್ದರು. ಆಚೆ ಕುರಿಗಳು ಹೊರಡಲು ಸಿದ್ಧವಾಗಿ ಒದರುತ್ತಿದ್ದವು, ಕುದುರೆಯ ಮೇಲೆ ಸಾಮಾನು ಬಿಗಿದಿತ್ತು. ಬಾಳವ್ವ ಪ್ರಯಾಣಕ್ಕೆ ಸೀರೆ ಎತ್ತಿ ಕಟ್ಟಿಕೊಂಡು ಒಂದು ಕಡೆ ಕೂತಿದ್ದಳು. ನನ್ನ ಕಡೆ ನೋಡಲಿಲ್ಲ. ಹಿರಿಯನೊಬ್ಬ ಮೊದಲು ಆಕೆಯನ್ನೇ ಕೇಳಿದ.

“ಬಾಳವ್ವ, ಹೇಳಿದ್ದಿ ಏನು?”

“ಇಲ್ಲ.”

ಅಷ್ಟೇ. ಹೆಚ್ಚಿಗೆ ಒಂದು ಅಕ್ಷರ ಆಡಲಿಲ್ಲ. ಆಮೇಲೆ ನನ್ನನ್ನು ನಿಲ್ಲಿಸಿದರು.

“ಆಯಿ ನನಗ ಹೇಳಿಲ್ಲ. ಕೂಗೂದು ಕೇಳಿ ನಾನ ಬರಕೊಂಡೆ” ಎಂದೆ.

ಸಿದ್ದಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆದರೆ ಲಕ್ಕವ್ವ ಎದ್ದಳು.

“ಮತ್ತ ಪ್ಯಾಪರದಾಗ ಅಕಿ ಹೆಸರ ಹೆಂಗ ಬಂತರಿ?”

“ನಾ ತಪ್ಪ ಬರದೆ.”

“ಕುರಿ ಬೈಗಳಾ ಬರಕೊಂಡಂಗ?” ಕೂತವರು ನಕ್ಕರು. ಅವಳು ನಗಲಿಲ್ಲ. “ಅಕಿ ಹೇಳಿದ್ಲು ಅಂತ ಬರದಿರಿ. ಅವತ್ತ ಸುಳ್ಳ ಬರದಿರೋ, ಇವತ್ತ ಸುಳ್ಳ ಹೇಳಾಕತ್ತೀರೋ, ನಮಗ ಹೆಂಗ ತಿಳೀಬೇಕು? ಭಂಡಾರ ಮುಟ್ರಿ. ಮುಟ್ಟಿ ಹೇಳ್ರಿ: ಅಕಿ ಹೇಳಿಲ್ಲ, ನನಗ ಪಕ್ಕಾ ನೆನಪೈತಿ.”

ದೇವರ ಭಂಡಾರದ ತಟ್ಟೆಯನ್ನು ನನ್ನ ಮುಂದೆ ತಂದಿಟ್ಟರು. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಆ ಅರಿಶಿನದ ಪುಡಿಗೆ ಹೆದರುವ ಕಾರಣವೂ ಇರಲಿಲ್ಲ. ಕೈ ಚಾಚಿ ಮುಟ್ಟಿದೆ. ಬೆರಳು ಹಳದಿಯಾದವು. “ಅಕಿ ಹೇಳಿಲ್ಲ” ಎಂದೆ. “ನನಗ ಪಕ್ಕಾ” ಎನ್ನುವಷ್ಟರಲ್ಲಿ ಆ ಬದು, ಆ ಹೊಳೆಯ ಸಪ್ಪಳ, “ಬರಕೋ” ಎಂಬ ದನಿ ಎದ್ದು ಬಂತು. ಸುಳ್ಳೆಂದು ನಾನೇ ಲೆಕ್ಕ ಹಾಕಿ ತೋರಿಸಬಲ್ಲ ದೃಶ್ಯ. ಆದರೂ ಅದು ಬಂತು, ನಾನು ನಿಂತೆ. ಖಚಿತವಿಲ್ಲದ್ದನ್ನು ಖಚಿತ ಎನ್ನಬಾರದೆಂದು ಎಂಟು ವರ್ಷ ಕಲಿತಿದ್ದೆ. ನನ್ನಲ್ಲಿ ಇದ್ದ ಒಂದೇ ಒಳ್ಳೆಯ ಗುಣ ಅದು ಎಂದು ನಂಬಿದ್ದೆ.

“ಪಕ್ಕಾ ಅಂದ್ರ…” ಎಂದೆ. “ಪಕ್ಕಾ ನೆನಪಿಲ್ಲ.”

ಯಾರೂ ಕೂಗಾಡಲಿಲ್ಲ. ಹಿರಿಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು “ಆತಪಾ” ಎಂದ. ಸಿದ್ದಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. “ಒಂದ ಮಾತ ಕೇಳಿದ್ನಿ ಸಾಹೇಬ್ರ” ಎಂದ. “ಹೊಲದ ಮಾಲಕರ ಅಳಿಯ ಅದೀರಿ, ಸುಳ್ಳ ಹೇಳಾಕೂ ಬರೂದಿಲ್ಲ ನಿಮಗ, ಖರೆ ಹೇಳಾಕೂ ಬರೂದಿಲ್ಲ. ಯಾತಕ್ಕ ಬರತೈತಪಾ ನಿಮ್ಮ ಸಾಲಿ?”

ಹೊಸ ಹೆಸರು ಇಡುವವಳು ಲಕ್ಕವ್ವ ಎಂದು ತೀರ್ಮಾನವಾಯಿತು. ಹೆಸರಿಡುವಾಗ ಹಿಂಡಿನ ಜೊತೆ ಹೊರಡದವರು ಕೇಳುವಷ್ಟು ಹತ್ತಿರ ಇರಬಾರದು. ನನಗೆ ದಾರಿ ದಾಟಿ ಕಾಲುವೆಯ ಏರಿಯ ಮೇಲೆ ಹೋಗಿ ಕೂರಲು ಹೇಳಿದರು. ನಾನು ದಾಟಿದೆ. ಹಿಂದೆ ಹೆಜ್ಜೆಯ ಸಪ್ಪಳ ಕೇಳಿ ತಿರುಗಿ ನೋಡಿದರೆ ಬಾಳವ್ವ ಬರುತ್ತಿದ್ದಳು. ಆಕೆಗೂ ಅದನ್ನೇ ಹೇಳಿದ್ದರು.

ನನ್ನಿಂದ ನಾಲ್ಕು ಮಾರು ದೂರದಲ್ಲಿ, ಹಿಂಡಿಗೆ ಬೆನ್ನು ಮಾಡಿ ಕೂತಳು. ಎತ್ತಿ ಕಟ್ಟಿದ ಸೀರೆಯನ್ನು ಬಿಚ್ಚಿ ಕೆಳಗೆ ಇಳಿಬಿಟ್ಟಳು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಕಬ್ಬಿನ ಎಲೆಗಳು ತೇಲಿ ಹೋಗುತ್ತಿದ್ದವು. ಆಚೆ ಬೇವಿನ ಕೆಳಗೆ ಎಲ್ಲರೂ ಗುಂಪು ಕೂಡಿ ತಲೆ ಬಗ್ಗಿಸಿದ್ದು ಕಾಣುತ್ತಿತ್ತು. ಲಕ್ಕವ್ವ ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ.

ನಾನು ಸುಮ್ಮನಿರಬಹುದಿತ್ತು. ನನಗೆ ಅದೂ ಬರುವುದಿಲ್ಲ.

“ಆಯಿ, ಎಲ್ಲಾ ಮುಗೀತು. ಈಗರೆ ಖರೆ ಹೇಳು. ನೀ ನನಗ ಹೇಳಿದ್ದಿಯೋ ಇಲ್ಲೋ?”

ಆಕೆ ಅಂದು ಮೊದಲ ಬಾರಿಗೆ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಕಿವಿ ಕೇಳದವನನ್ನು ನೋಡುವ ಹಾಗೆ ನೋಡಿದಳು.

“ಐದ ಮಂದಿ ಮುಂದ ಇಲ್ಲ ಅಂದ್ನಲ್ಲೋ. ನೀ ಅಲ್ಲೇ ನಿಂತಿದ್ದಿ. ನಾ ಆಡಿದ್ದು ಆಡದ್ದು ಎಲ್ಲಾ ಬರಕೊಂಡಿ. ಇಲ್ಲ ಅಂದದ್ದ ಎಲ್ಲಿ ಬರಕೊಂಡಿ?”

ಹಿಂಡು ಎದ್ದು ಮೂಡಲಗಿಯ ದಾರಿ ಹಿಡಿಯಿತು. ಮುಂದೆ ಕುದುರೆಯ ಹಗ್ಗ ಲಕ್ಕವ್ವನ ಕೈಯಲ್ಲಿತ್ತು. ಬಾಳವ್ವ ಎದ್ದು ಸೀರೆ ಕೊಡವಿಕೊಂಡು, ನನ್ನನ್ನು ದಾಟಿ, ಹಟ್ಟಿಯ ಕಡೆಗೆ ನಡೆದಳು.